ಕೆರೆ ಕೆಳಗಿನ ಮಂದಿ

ನಮ್ಮ ಸೀಮೆಯಲ್ಲಿ ಹೊಲ ಇದ್ದವರಿಗೆ ಒಂದು ಮರ್ಯಾದೆಯಾದರೆ, ಕೆರೆ ಕೆಳಗೆ ಗದ್ದೆ ಇದ್ದವರಿಗೆ ಇನ್ನೊಂದು ಮರ್ಯಾದೆ ಇತ್ತು. ಹೆಣ್ಣು ಕೊಡಲು ಬಂದ ಬೀಗರು ಮನೆ, ದನ, ಬಣವೆಯ ಮೇಲೆಲ್ಲ ಕಣ್ಣಾಡಿಸಿ, ಮಜ್ಜಿಗೆ ಕುಡಿದು, ಎದ್ದು ಹೊರಡುವ ಮುಂಚೆ ಕೇಳುತ್ತಿದ್ದ ಮಾತು ಒಂದೇ: ‘ಕೆರೆ ಕೆಳಗೆ ಎಷ್ಟೈತೆ?’ ಅರ್ಧ ಎಕರೆ ಎಂದರೂ ಅವರ ಮುಖ ಅರಳುತ್ತಿತ್ತು. ಹೊಲದ ಬೆಳೆ ಮಳೆರಾಯನ ಕೈಯಲ್ಲಿ. ಕೆರೆ ಕೆಳಗಿನ ಅರ್ಧ ಎಕರೆ ಮಾತ್ರ ಮನೆಯ ಹಬ್ಬಕ್ಕೆ, ಬಾಣಂತಿಗೆ, ನೆಂಟರಿಗೆ ಅನ್ನ ಕೊಡುವ ನೆಲ. ಉಳಿದ ದಿನಕ್ಕೆ ಜೋಳ, ರಾಗಿ, ಸಜ್ಜೆ ಇದ್ದೇ ಇತ್ತು.

ಆ ಮರ್ಯಾದೆಯ ಬೆನ್ನಿಗೇ ಕೆಲಸವೂ ಬರುತ್ತಿತ್ತು. ಕೆರೆ ಕೆಳಗೆ ಗದ್ದೆ ಇದೆ ಎಂದರೆ ಕೆರೆಯ ಏರಿ, ತೂಬು, ಕೋಡಿ, ಹೂಳು, ಹಳ್ಳದ ದಾರಿ ಎಲ್ಲದರಲ್ಲೂ ಆ ಮನೆಯವರ ಪಾಲಿನ ದುಡಿಮೆ ಇದೆ ಎಂದೇ ಊರು ತಿಳಿದಿತ್ತು. ಕೆರೆಗಳು ಇಂದಿಗೂ ಇವೆ. ಏರಿಗಳೂ ನಿಂತಿವೆ. ಅಚ್ಚುಕಟ್ಟಿನ ಪಹಣಿಗಳಲ್ಲಿ ಹೆಸರುಗಳೂ ಇವೆ. ಆ ಹೆಸರುಗಳಿಗೆ ಅಂಟಿಕೊಂಡಿದ್ದ ಕೆಲಸ ಮಾತ್ರ ನನ್ನ ಕಣ್ಣೆದುರಿಗೇ ಕರಗಿಹೋಯಿತು.

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆ ಮರೆಯಲ್ಲಿ ಬಿದ್ದ ನೆಲ. ವರ್ಷವಿಡೀ ಲೆಕ್ಕ ಹಾಕಿದರೂ ಸುಮಾರು 500 ಮಿಲಿಮೀಟರ್ ಮಳೆ. ಎಷ್ಟೋ ವರ್ಷ ಅಷ್ಟೂ ಇಲ್ಲ. ಆಷಾಢದ ಮೋಡಗಳು ನಮ್ಮ ನೆತ್ತಿಯ ಮೇಲೆಯೇ ಓಡುತ್ತವೆ, ಕೆಳಗೆ ಇಳಿಯುವುದು ಗಾಳಿ ಮಾತ್ರ. ನಮಗೆ ಒಲಿಯುವುದು ಹಿಂದಿನ ಮಳೆಗಳು: ಉತ್ತರೆ, ಹಸ್ತ, ಚಿತ್ತೆ. ಅವೂ ಸೋನೆಯಾಗಿ ಬರುವವಲ್ಲ. ನಾಲ್ಕಾರು ರಾತ್ರಿ ಗುಡುಗಿ, ಸುರಿದು, ಮುಗಿದುಬಿಡುತ್ತವೆ. ಆ ನಾಲ್ಕಾರು ರಾತ್ರಿಯ ನೀರನ್ನು ಮುಂದಿನ ಬೇಸಿಗೆಯವರೆಗೆ ಇಟ್ಟುಕೊಳ್ಳಲು ನಮ್ಮ ಹಿರಿಯರಿಗೆ ಇದ್ದ ದಾರಿ ಕೆರೆ ಒಂದೇ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ನಿಂತರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹತ್ತಲಾರದಷ್ಟು ಎತ್ತರದ ಬೆಟ್ಟವೇನಲ್ಲ ಅದು. ಗುಂಡುಗಳ ಮೇಲೆ ಗುಂಡು, ನಡುನಡುವೆ ಕುರುಚಲು. ಎದುರಿಗೆ ಜಟಿಂಗ ರಾಮೇಶ್ವರ, ಪಕ್ಕದಲ್ಲಿ ಸಿದ್ದಾಪುರ, ಹತ್ತಿರದಲ್ಲೇ ಚಿನ್ನಹಗರಿ ಹೊಳೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರು ಕಡೆಯೂ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ‘ಇಸಿಲ’ದ ಮಹಾಮಾತ್ರರಿಗೆ ಕಳಿಸಿದ ಆ ಆಜ್ಞೆಯನ್ನು ಬರೆದ ಲಿಪಿಕಾರ ಚಪಡನೆಂಬುವನು, ಕೊನೆಯ ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದು ಹೋಗಿದ್ದಾನೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎನ್ನುವುದು ಅದರ ತಿರುಳು. ಇಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಆಮೇಲಿನ ಸಾತವಾಹನರ ಕಾಲದ ಜನ ಒಂದರ ಮೇಲೊಂದು ಪದರವಾಗಿ ಬದುಕಿದ್ದು ತಿಳಿಯಿತು. ಪುಸ್ತಕಗಳಲ್ಲಿ ಈ ಬೆಟ್ಟಕ್ಕೆ ಇಷ್ಟು ಜಾಗ ಸಿಕ್ಕಿದೆ. ನನಗೆ ಮಾತ್ರ ಪ್ರತಿಸಲವೂ ಬೇರೆಯದೇ ಆಶ್ಚರ್ಯ: ಇಷ್ಟು ಕಡಿಮೆ ಮಳೆಯ ಜಾಗವನ್ನು ಜನ ಸಾವಿರಾರು ವರ್ಷ ಬಿಟ್ಟು ಹೋಗಲಿಲ್ಲವಲ್ಲ! ಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆಯನ್ನೆಲ್ಲ ಕೆಳಗೆ ದೂಡುತ್ತದೆ. ಬುಡದಲ್ಲಿ ಒಡ್ಡು ಹಾಕಿ ತಡೆದವರಿಗೆ ಆ ನೀರು ದಕ್ಕುತ್ತದೆ, ತಡೆಯದವರ ಪಾಲಿಗೆ ಅದು ಹೊಳೆ ಸೇರುತ್ತದೆ. ಇಲ್ಲಿನ ದೇವಸಮುದ್ರ ಹೋಬಳಿಯ ಊರೂರಿಗೂ ಕೆರೆ ಕಟ್ಟಿದ ತಲೆಮಾರುಗಳಿಗೆ ಬೆಟ್ಟದ ಈ ಗುಣ ಗೊತ್ತಿತ್ತು.

ನನ್ನ ತಾತನಿಗೆ ಇಲ್ಲಿಯೇ ಒಂದು ಊರಿನ ಕೆರೆ ಕೆಳಗೆ ಎರಡು ತುಂಡು ಗದ್ದೆ ಇತ್ತು. ಅವನ ಜೊತೆ ನಾನು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯುಗಾದಿ ಕಳೆದು ಬಿಸಿಲು ಏರಿದಂತೆ ಕೆರೆಯ ನೀರು ಒಳಕ್ಕೆ ಸರಿಯುತ್ತಿತ್ತು. ನೀರು ಬಿಟ್ಟುಹೋದ ಅಂಗಳ ಮೊದಲು ಕೆಸರಾಗಿ, ಆಮೇಲೆ ಬಿರಿದು, ಅಂಗೈಯಗಲದ ಹೆಂಟೆಗಳಾಗುತ್ತಿತ್ತು. ಆಗ ಗೋಡು, ಎಂದರೆ ಕೆರೆಯ ಹೂಳುಮಣ್ಣು, ಹೊಡೆಯುವ ಕಾಲ. ಊರಿನ ಎತ್ತಿನ ಗಾಡಿಗಳೆಲ್ಲ ಕೆರೆಯೊಳಗೆ. ಬೆಳ್ಳಿ ಮೂಡುವ ಹೊತ್ತಿಗೆ ಹೋಗಿ, ಬಿಸಿಲೇರುವ ಹೊತ್ತಿಗೆ ಮೂರ್ನಾಲ್ಕು ಗಾಡಿ ಹೊಲಕ್ಕೆ ಸುರಿದು ಬರುತ್ತಿದ್ದರು. ನಮ್ಮ ಕಡೆ ಕೆಂಪು ಮಸಾರಿ ಹೊಲಗಳೇ ಹೆಚ್ಚು. ಬಿದ್ದ ಮಳೆ ಎರಡು ದಿನ ನಿಲ್ಲುವುದಿಲ್ಲ. ಅಂಥ ಹೊಲಕ್ಕೆ ಕೆರೆಯ ಗೋಡು ಬಿದ್ದರೆ ಮೂರ್ನಾಲ್ಕು ವರ್ಷ ತೇವ ಹಿಡಿದುಕೊಳ್ಳುತ್ತಿತ್ತು. ಶೇಂಗಾ ಗಿಡ ಕೀಳುವಾಗ ಕಾಯಿ ಮಣ್ಣಲ್ಲೇ ಉಳಿಯುತ್ತಿರಲಿಲ್ಲ.

ಯಾವ ಮಣ್ಣು ಎಲ್ಲಿ ಎಂಬುದೂ ಅವರಿಗೆ ಪಾಠವಾಗಿತ್ತು. ಹಳ್ಳ ಕೆರೆಗೆ ಸೇರುವ ಬಾಯಲ್ಲಿ ನೀರಿನ ಓಟ ತಗ್ಗುತ್ತದೆ, ಅಲ್ಲಿ ಮರಳು ಕೆಳಗಿಳಿಯುತ್ತದೆ. ಜಿಗುಟಾದ ನುಣ್ಣನೆಯ ಗೋಡು ತೇಲುತ್ತಾ ಬಂದು ನೀರು ನಿಂತ ಕಡೆ, ಏರಿಯತ್ತ, ಕೂರುತ್ತದೆ. ಮನೆ ಕಟ್ಟುವವರು ಮೇಲ್ಗಡೆ ಮರಳು ಹೊಡೆದರೆ, ಹೊಲದವರು ಕೆಳಗಡೆ ಗೋಡು ಹೊಡೆಯುತ್ತಿದ್ದರು. ಕುಂಬಾರರಿಗೆ ಬೇಕಾದ ಮಣ್ಣು ಇನ್ನೊಂದು ಮೂಲೆಯಲ್ಲಿ. ಏರಿಯ ಬುಡಕ್ಕೆ ಮಾತ್ರ ಯಾರೂ ಗುದ್ದಲಿ ಹಾಕುವಂತಿರಲಿಲ್ಲ. ‘ಬುಡ ಕೆದರಿದ್ರೆ ಏರಿ ಕೂರ್ತೈತೆ ಕಣಪ್ಪ’ ಎಂದು ತಾತ ಗಾಡಿ ಹೊಡೆಯುವ ಹುಡುಗರಿಗೆ ಗದರುತ್ತಿದ್ದ. ಗೋಡಿನ ಪದರ ಮುಗಿದು ಗರಸು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಅದರ ಕೆಳಗೆ ಅಗೆದರೆ ಕೆರೆ ನೀರು ನಿಲ್ಲಿಸಿಕೊಳ್ಳುವುದಿಲ್ಲ.

ಇದರ ಹಿಂದಿನ ಲೆಕ್ಕ ಈಗ ನೋಡಿದರೆ ಬೆರಗಾಗುತ್ತದೆ. ನಮ್ಮ ಬಯಲಿನ ಬಿಸಿಲು ಗಾಳಿ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ ಒಂದಾಳುದ್ದ ನೀರನ್ನು ಕೆರೆಯ ಮೇಲಿಂದ ಆವಿ ಮಾಡಿಬಿಡುತ್ತವೆ. ಹೂಳು ತುಂಬಿ ತಟ್ಟೆಯಂತೆ ಹರಡಿದ ಕೆರೆಯಲ್ಲಿ ಅಷ್ಟು ನೀರು ಹೋದರೆ ಉಳಿಯುವುದು ಏನೂ ಇಲ್ಲ. ಅದೇ ನೀರು ಆಳವಾಗಿ ನಿಂತರೆ ಬೇಸಿಗೆ ದಾಟುತ್ತದೆ. ವರ್ಷವರ್ಷವೂ ಗಾಡಿ ಗಾಡಿ ಗೋಡು ಎತ್ತಿದ್ದು ಹೊಲಕ್ಕೆ ಗೊಬ್ಬರವೂ ಹೌದು, ಬಿಸಿಲಿನ ಬಾಯಿಂದ ನೀರು ಉಳಿಸಿದ್ದೂ ಹೌದು. ಸರ್ಕಾರದ ಒಂದು ಕಾಸೂ ಬೇಕಿರಲಿಲ್ಲ ಇದಕ್ಕೆ.

ಇನ್ನು ನೀರಗಂಟಿ. ಕೆರೆಯ ವಿಷಯ ಬರೆಯುವಾಗ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಈ ಮನುಷ್ಯನ ಬಳಿ. ನಮ್ಮೂರಿನ ನೀರಗಂಟಿಯನ್ನು ನಾವು ಹುಡುಗರೆಲ್ಲ ‘ನೀರ್ಗಂಟಿ ತಾತ’ ಎನ್ನುತ್ತಿದ್ದೆವು. ತೂಬು ಎತ್ತುವುದು, ಇಳಿಸುವುದು ಅವನದು. ಹಳೆಯ ಕಲ್ಲು ತೂಬಿಗೆ ನೀರೊಳಗೆ ಮುಳುಗಿ ಬೆಣೆ ತೆಗೆಯಬೇಕು. ತುಂಬಿದ ಕೆರೆಯಲ್ಲಿ ಅದು ಜೀವ ಒತ್ತೆ ಇಟ್ಟು ಮಾಡುವ ಕೆಲಸ. ಕಾಲುವೆಯಲ್ಲಿ ಯಾರ ಗದ್ದೆಗೆ ಯಾವ ಹೊತ್ತು ನೀರು, ಎಷ್ಟು ಹೊತ್ತು ಎಂದು ಹೇಳುವುದೂ ಅವನೇ. ಅವನಿಗೆ ಸ್ವಂತ ಗದ್ದೆ ಇಲ್ಲದ್ದರಿಂದ ಅವನ ಮಾತಿಗೆ ತೂಕ ಹೆಚ್ಚು ಎಂದು ದೊಡ್ಡವರು ಹೇಳುತ್ತಿದ್ದರು. ಗೌಡರ ಗದ್ದೆಯಾದರೂ ಸರದಿ ಮುಗಿದರೆ ಮಡೆ ಕಟ್ಟಿಬಿಡುತ್ತಿದ್ದ.

ಸಂಕ್ರಾಂತಿಗೆ ಮುಂಚೆ ಊರವರು ಏರಿ ಮೇಲೆ ಸೇರುತ್ತಿದ್ದರು. ತೂಬಿನ ಕಲ್ಲುಕಂಬದಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ, ನೀರ್ಗಂಟಿ ತಾತ ಹೇಳಿದ್ದನ್ನು ಕೇಳಿ, ಬೇಸಿಗೆ ಬೆಳೆಗೆ ಭತ್ತವೋ ರಾಗಿಯೋ, ಪೂರಾ ಅಚ್ಚುಕಟ್ಟೋ ಅರ್ಧವೋ ಎಂದು ತೀರ್ಮಾನ ಆಗುತ್ತಿತ್ತು. ನೀರು ಕಡಿಮೆ ಇದ್ದ ವರ್ಷ ಎಲ್ಲರ ಗದ್ದೆಯೂ ಸ್ವಲ್ಪ ಸ್ವಲ್ಪ ಒಣಗುವ ಬದಲು ತೂಬಿನ ಹತ್ತಿರದ ತುಂಡುಗಳನ್ನೇ ಎಲ್ಲರೂ ಹಂಚಿಕೊಂಡು ಬೆಳೆದದ್ದುಂಟು. ಜಗಳಗಳೂ ಆಗುತ್ತಿದ್ದವು, ತಲೆ ಒಡೆದದ್ದೂ ಇದೆ. ಆದರೆ ಜಗಳವಾಡಲಿಕ್ಕಾದರೂ ಎಲ್ಲರೂ ಕೆರೆ ಏರಿಗೆ ಬರುತ್ತಿದ್ದರು. ಕೆರೆಯಲ್ಲಿ ಎಷ್ಟು ನೀರಿದೆ ಎಂದು ಊರಿನ ಪ್ರತಿ ಮನೆಗೂ ಗೊತ್ತಿತ್ತು.

ನೀರ್ಗಂಟಿ ತಾತ ಏರಿಯನ್ನು ಓದುವ ಬಗೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಕೆರೆ ತುಂಬಿದ ದಿನಗಳಲ್ಲಿ ಏರಿಯ ಹಿಂಬದಿಯ ಬುಡದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಕಾಲಿಗೆ ತಣ್ಣಗೆ ತಾಗಿದ ಕಡೆ ನಿಂತು, ಕುಳಿತು, ಜಿನುಗುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಭಯವಿಲ್ಲ, ಎಲ್ಲ ಮಣ್ಣಿನ ಏರಿಯೂ ಅಷ್ಟಿಷ್ಟು ಬೆವರುತ್ತದೆ. ರಾಡಿಯಾಗಿದ್ದರೆ ಏರಿಯ ಒಳಗಿನ ಮಣ್ಣು ನೀರಿನ ಜೊತೆ ಹೊರಗೆ ಬರುತ್ತಿದೆ ಎಂದರ್ಥ; ಇವತ್ತು ಬೆರಳು ಹೋಗುವ ತೂತು, ನಾಳೆ ಆಳು ಹೋಗುವ ಬಿಲ. ಆ ರಾತ್ರಿ ಊರು ಮಲಗುತ್ತಿರಲಿಲ್ಲ. ಜೊಂಡು, ಹುಲ್ಲು, ಮಣ್ಣಿನ ಚೀಲ ಹೊತ್ತು ಎಲ್ಲರೂ ಏರಿಗೆ. ಏಡಿ, ಹೆಗ್ಗಣ ತೋಡಿದ ಬಿಲಗಳನ್ನು ಬೇಸಿಗೆಯಲ್ಲೇ ಹುಡುಕಿ ಗಟ್ಟಿ ಮಣ್ಣಿನಿಂದ ಮುಚ್ಚುತ್ತಿದ್ದುದು ಈ ರಾತ್ರಿ ಬಾರದಿರಲಿ ಎಂದು. ಏರಿ ಮೇಲೆ ದೊಡ್ಡ ಮರ ಬೆಳೆಯಲು ಬಿಡದಿದ್ದುದೂ ಅದಕ್ಕೇ. ಮರ ಸತ್ತರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ.

ಆಷಾಢದ ಗಾಳಿಯ ಮಾತು ಹೇಳಿದೆನಲ್ಲ. ಹಿಂದಿನ ವರ್ಷದ ನೀರು ಉಳಿದಿದ್ದರೆ ಆ ಗಾಳಿಗೆ ಕೆರೆಯಲ್ಲಿ ಅಲೆಗಳೇಳುತ್ತವೆ. ಹಗಲು ರಾತ್ರಿ ಏರಿಯ ಒಳಮೈಗೆ ಬಡಿಯುತ್ತವೆ. ಜೋಡಿಸಿದ ಕಲ್ಲುಗಳ ಸಂದಿಯಿಂದ ಮಣ್ಣು ಕದ್ದು ಒಯ್ಯುತ್ತವೆ. ಒಂದು ಕಲ್ಲು ಜಾರಿದರೆ ಮೇಲಿನದು ಹಿಂಬಾಲಿಸುತ್ತದೆ. ನೀರ್ಗಂಟಿ ತಾತ ಗಾಳಿ ಇಳಿದ ಮೇಲೆ ಏರಿಯುದ್ದಕ್ಕೂ ಹೋಗಿ ಯಾವ ಮನೆಯವರ ಪಾಲಿನ ಕಟ್ಟು ಎಲ್ಲಿ ಸಡಿಲಾಗಿದೆ ಎಂದು ಹೇಳಿ ಬರುತ್ತಿದ್ದ. ಇಂಥ ಮನೆಗೆ ಇಷ್ಟು ಮಾರು ಏರಿ ಎಂದು ಪಾಲು ಇತ್ತು. ಗದ್ದೆ ಎಷ್ಟೋ ಅಷ್ಟು.

ಹೊಸ ನೀರು ಬರುವ ರಾತ್ರಿಯ ಸಂಭ್ರಮ ಬೇರೆಯೇ. ಉತ್ತರೆಯೋ ಹಸ್ತವೋ ಮೇಲಿನ ಬೆಟ್ಟಗಳ ಮೇಲೆ ಸುರಿದರೆ ನಮ್ಮೂರಿಗೆ ಒಂದು ಹನಿ ಬೀಳದಿದ್ದರೂ ಹಳ್ಳದ ಸದ್ದು ಕೇಳುತ್ತಿತ್ತು. ಬೆಳಗಾದರೆ ಕೆರೆ ತುಂಬ ಕೆಂಪು ನೀರು, ಮೇಲೆ ನೊರೆ, ಕಡ್ಡಿ, ಕುರಿಹಿಕ್ಕೆ, ಹುತ್ತದಿಂದ ಎದ್ದ ಗೆದ್ದಲು. ಗೆಂಡೆ ಮೀನುಗಳು ಹರಿವಿಗೆ ಎದುರಾಗಿ ಹಳ್ಳ ಹತ್ತುತ್ತಿದ್ದವು. ಬೇಸಿಗೆಯೆಲ್ಲ ಕೆಸರಿನಲ್ಲಿ ಹೂತುಕೊಂಡು ಜೀವ ಹಿಡಿದಿದ್ದ ಕೊರವ ಮೀನುಗಳು ಎದ್ದು ಬರುತ್ತಿದ್ದವು. ಕೆಂಪು ನೀರು ತಿಳಿಯಾಗಲು ವಾರಗಳು ಬೇಕು. ಕೋಡಿ ಬಿತ್ತೆಂದರೆ ಊರ ಹೆಂಗಸರು ಅರಿಸಿನ, ಕುಂಕುಮ, ಬಳೆ, ಹಸಿರು ಕುಪ್ಪಸ ಇಟ್ಟು ಗಂಗಮ್ಮನ ಪೂಜೆ ಮಾಡುತ್ತಿದ್ದರು. ನಮ್ಮ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಆ ಊರಿನವರು ಬಂದು ನಮ್ಮ ಕೋಡಿಗೂ ಒಂದು ತೆಂಗಿನಕಾಯಿ ಒಡೆದು ಹೋಗುತ್ತಿದ್ದರು. ಆ ತೆಂಗಿನಕಾಯಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮೇಲಿನವರ ಕೆರೆ ಚೆನ್ನಾಗಿದ್ದರೆ ತಮ್ಮದೂ ತುಂಬುತ್ತದೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಮಾಗಿಯಲ್ಲಿ ಬಾತುಗಳು, ಕೊಕ್ಕರೆಗಳು. ಬೇಸಿಗೆ ಹತ್ತಿರವಾದಂತೆ ನೀರು ಹಸಿರಾಗುತ್ತದೆ. ಕೆಲವು ವರ್ಷ ಮೋಡ ಕವಿದ ನಸುಕಿನಲ್ಲಿ ಮೀನುಗಳೆಲ್ಲ ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದವು. ಬೆಳಗಾಗುವಷ್ಟರಲ್ಲಿ ನೂರಾರು ಬೆಳ್ಳಗೆ ಮಗುಚಿಬಿದ್ದಿರುತ್ತಿದ್ದವು. ಯಾರೋ ವಿಷ ಹಾಕಿದರು ಎಂದು ಊರು ಗುಲ್ಲೆಬ್ಬಿಸುತ್ತಿತ್ತು. ‘ವಿಷ ಅಲ್ಲ, ಉಸಿರು ಕಟ್ಟೈತೆ’ ಎಂದು ನೀರ್ಗಂಟಿ ತಾತ ಹೇಳಿದ್ದು ನಿಜವಾಗಿತ್ತು. ಹಗಲು ಬಿಸಿಲಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಪಾಚಿ ವಿಪರೀತವಾಗಿ, ಮೇಲೆ ಮೋಡವೂ ಕವಿದರೆ ಬೆಳಗಿನ ಜಾವಕ್ಕೆ ಮೀನಿಗೆ ಉಳಿಯುವುದಿಲ್ಲ. ಆಗ ಅಪರೂಪವಾಗಿದ್ದ ಈ ಸಾವು, ಮೇಲಿನ ಹೊಲಗಳಿಂದ ಯೂರಿಯಾ, ಡಿಎಪಿ ತೊಳೆದು ಬರತೊಡಗಿದ ಮೇಲೆ, ಪೇಟೆಯ ಚರಂಡಿ ಕೆರೆಗೆ ತಿರುಗಿದ ಮೇಲೆ ಮಾಮೂಲಾಗಿದೆ.

ಈ ನೆನಪುಗಳನ್ನು ಹೇಳುವಾಗ ಒಂದು ಮಾತನ್ನು ಮುಚ್ಚಿಡಲಾರೆ. ಈ ಏರ್ಪಾಟಿನ ನ್ಯಾಯ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕೆರೆ ಕೆಳಗೆ ಗದ್ದೆ ಇದ್ದದ್ದು ಊರಿನ ಕೆಲವೇ ಮನೆಗಳಿಗೆ. ತೂಬಿನಲ್ಲಿ ಮುಳುಗಿದವನು, ರಾತ್ರಿ ಏರಿ ಕಾದವನು, ಗೋಡು ಅಗೆದವನು ಬಹುಪಾಲು ಗದ್ದೆ ಇಲ್ಲದವನೇ. ಕಣದಲ್ಲಿ ರಾಶಿ ಎತ್ತುವಾಗ ಅವನಿಗೆ ಕೊಡುತ್ತಿದ್ದ ಆಯ, ನಾಲ್ಕು ಕಂತೆ, ಒಂದಿಷ್ಟು ಕಾಳು, ಅವನ ದುಡಿಮೆಗೆ ಎಂದೂ ಸಮನಾಗಿರಲಿಲ್ಲ. ಅಪ್ಪ ಮಾಡಿದ್ದಕ್ಕೆ ಮಗನೂ ಮಾಡಲೇಬೇಕು ಎಂಬ ಕಟ್ಟು ಬೇರೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆ ವಂಶಪಾರಂಪರ್ಯದ ಕಟ್ಟನ್ನು ಕಡಿಯಿತು. ಕಡಿದದ್ದು ಸರಿ. ಕಟ್ಟು ಬಿಚ್ಚಿದ ಮೇಲೆ ಆ ಕೆಲಸಕ್ಕೆ ಸಂಬಳ, ಗೌರವ ಕೊಟ್ಟು ಬೇರೊಬ್ಬನನ್ನು ನಿಲ್ಲಿಸಬೇಕಿತ್ತು; ಅದಾಗಲಿಲ್ಲ. ಅಲ್ಲಿಲ್ಲಿ ಪಂಚಾಯ್ತಿಯ ನೀರಗಂಟಿ ಎಂದರೆ ಈಗ ನಲ್ಲಿ ನೀರು ಬಿಡುವವನು. ಏರಿ ಕಾಯುವವನ ಜಾಗ ಖಾಲಿಯೇ ಉಳಿಯಿತು.

ಕೆರೆ ಕೆಳಗಿನವರೇ ಕೆರೆ ನೋಡಿಕೊಳ್ಳಲಿ ಎಂಬ ಯೋಚನೆ ಸರ್ಕಾರಕ್ಕೆ ಹೊಳೆಯದೆ ಇರಲಿಲ್ಲ. ಮೈಸೂರು ಸಂಸ್ಥಾನ 1911ರಲ್ಲೇ ಕೆರೆ ಪಂಚಾಯ್ತಿಗಳಿಗಾಗಿ ಒಂದು ರೆಗ್ಯುಲೇಷನ್ ತಂದಿತ್ತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘದ ಕೆಲಸ ಶುರುವಾಗಿ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. 2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯೂ ಬಂತು. ನಾನು ಕಂಡ ಮಟ್ಟಿಗೆ ಸಂಘಗಳು ಹಣ ಇರುವವರೆಗೆ ನಡೆದು, ಹಣ ನಿಂತ ಮೇಲೆ ನಿಂತವು. ಜನಕ್ಕೆ ಕೆರೆಯ ಅಗತ್ಯ ಅಷ್ಟರೊಳಗೆ ತಪ್ಪಿಹೋಗಿತ್ತು.

ತಪ್ಪಿಸಿದ್ದು ಕೊಳವೆಬಾವಿ. ಗದ್ದೆಯ ಮೂಲೆಯಲ್ಲೇ ಕೊರೆಸಿ, ಮೋಟಾರು ಇಳಿಸಿ, ಬೇಕಾದಾಗ ಸ್ವಿಚ್ಚು ಒತ್ತಿದರೆ ನೀರು. ಸರದಿ ಬೇಡ, ನೀರಗಂಟಿ ಬೇಡ, ಏರಿ ಮೇಲಿನ ಸಭೆ ಬೇಡ. ಮೊದಲ ಹತ್ತು ವರ್ಷ ಅದು ನಮ್ಮ ಸೀಮೆಗೆ ದೊಡ್ಡ ಬಿಡುಗಡೆಯಂತೆಯೇ ಕಂಡಿತು. ದಾಳಿಂಬೆ, ಅಡಿಕೆ ಕೂಡ ಬಂದವು. ಆ ಬಾವಿಗಳ ಒರತೆಗೆ ನೀರು ಇಳಿಯುತ್ತಿದ್ದುದು ಕೆರೆಯಿಂದಲೇ ಎಂಬುದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಹೂಳು ತುಂಬಿದ ಕೆರೆ ಇಂಗಿಸುವುದನ್ನು ನಿಲ್ಲಿಸಿತು, ಬಾವಿಗಳು ಆಳಕ್ಕೆ ಆಳಕ್ಕೆ ಹೋದವು. ಆಳದ ನೀರಿನಲ್ಲಿ ಫ್ಲೋರೈಡು. ಈಗ ಕುಡಿಯುವ ನೀರಿಗೆ ಊರೂರಲ್ಲಿ ಶುದ್ಧೀಕರಣ ಘಟಕ, ದೂರದ ತುಂಗಭದ್ರೆಯ ಹಿನ್ನೀರಿನ ಪೈಪು. ಕೃಷಿಗೆ ಭದ್ರಾ ಮೇಲ್ದಂಡೆಯ ದಾರಿ ಕಾಯುತ್ತಿದ್ದೇವೆ.

ಕೆರೆಯೊಳಗೆ ಬಳ್ಳಾರಿ ಜಾಲಿ ಹೊಕ್ಕಿತು. ಅದನ್ನು ಅಲ್ಲಿ ಯಾರೂ ನೆಡಲಿಲ್ಲ. ಕಾಯಿ ತಿಂದ ಕುರಿ, ಮೇಕೆ, ದನಗಳು ಅಂಗಳದ ತುಂಬ ಬೀಜ ಬಿತ್ತಿದವು. ಗಾಡಿ ಓಡಾಡುತ್ತಿದ್ದ ಜಾಗದಲ್ಲಿ ಈಗ ಕೈ ತೂರದಷ್ಟು ಮುಳ್ಳು. ಏರಿ ಮೇಲೂ ಅದೇ. ನೀರ್ಗಂಟಿ ತಾತ ಬರಿಗಾಲಲ್ಲಿ ನಡೆದ ಬುಡದ ಜಾಡು ಕಣ್ಣಿಗೆ ಬೀಳುವುದೇ ಇಲ್ಲ. ಹೂಳು ತೆಗೆಯಲು ಈಗ ಬರುವುದು ಜೆಸಿಬಿ, ಟಿಪ್ಪರು. ಇಟ್ಟಿಗೆ ಗೂಡಿಗೆ ಒಳ್ಳೆಯ ಮಣ್ಣು ಏರಿಯ ಬಳಿ ಸಿಗುತ್ತದೆಂದು ಅಲ್ಲೇ ತೋಡುತ್ತಾರೆ; ಗರಸು ಕಂಡರೂ ನಿಲ್ಲಿಸುವುದಿಲ್ಲ. ಮೇಲಿನ ಹಳ್ಳಗಳಿಗೆ ಅಡ್ಡಲಾಗಿ ಒಂದರ ಹಿಂದೊಂದು ಚೆಕ್‌ಡ್ಯಾಮು. ಅವು ಅಲ್ಲಲ್ಲೇ ನೀರು ಇಂಗಿಸುತ್ತವೆ, ಅದು ಒಳ್ಳೆಯದೇ. ಆದರೆ ಮೊದಲು ಕೆರೆ ತುಂಬಿಸುತ್ತಿದ್ದ ಮಳೆಗೆ ಈಗ ಕೆರೆಗೆ ಮೊಣಕಾಲುದ್ದ ನೀರು. ಕೆರೆ ಖಾಲಿಯಿದ್ದಷ್ಟೂ ವರ್ಷ ಅಂಚಿನವರ ಬದು ಒಳಕ್ಕೆ ಸರಿಯುತ್ತದೆ. ಪೇಟೆ ಪಕ್ಕದ ಕೆರೆಗಳಲ್ಲಿ ಬದುವಿನ ಬದಲು ಸೈಟಿನ ಕಲ್ಲು.

ಹೀಗಿರುವಾಗ 2022ರ ಮಳೆ ಬಂತು. ಆ ವರ್ಷ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದು ವೇದಾವತಿ ದಡ ತುಂಬಿ ಹರಿದಳು. ನಮ್ಮ ಕಡೆಯೂ ದಶಕಗಳಿಂದ ತುಂಬದ ಕೆರೆಗಳು ತುಂಬಿದವು. ಜನ ಕಾರು, ಬೈಕು, ಆಟೋ ಹತ್ತಿ ಕೋಡಿ ನೋಡಲು ಹೋದರು. ಪ್ರತಿ ಕೆರೆಗೂ ಬಾಗಿನ, ಪ್ರತಿ ಬಾಗಿನಕ್ಕೂ ಫೋಟೊ. ನಾನೂ ಹೋಗಿ ನಿಂತೆ, ಸಂತೋಷದಿಂದ ಕಣ್ಣು ತುಂಬಿತು. ಸಂಜೆ ನಮ್ಮೂರಿನ ಏರಿಯ ಹಿಂಬದಿಯಲ್ಲಿ ನೀರು ಜಿನುಗುತ್ತಿತ್ತು. ಅದು ತಿಳಿಯೋ ರಾಡಿಯೋ ಎಂದು ನೋಡಲು ಜಾಲಿ ಮೆಳೆಯೊಳಗೆ ದಾರಿಯಿರಲಿಲ್ಲ. ಯಾರು ನೋಡಬೇಕು ಎಂದು ಕೇಳಿದರೆ ಒಬ್ಬರು ಪಂಚಾಯ್ತಿ ಎಂದರು, ಇನ್ನೊಬ್ಬರು ಸಣ್ಣ ನೀರಾವರಿಯವರು ಎಂದರು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಜಿಲ್ಲಾ ಪಂಚಾಯ್ತಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಕೆರೆ ಕೆಳಗೆ ಗದ್ದೆ ಇದ್ದ ಯಾವ ಮನೆಯವರೂ ‘ನಾವು’ ಎನ್ನಲಿಲ್ಲ. ಏರಿ ಆ ರಾತ್ರಿ ತಡೆದುಕೊಂಡಿತು. ಹಿಂದಿನವರು ಅಷ್ಟು ಗಟ್ಟಿಯಾಗಿ ಕಟ್ಟಿದ್ದರು.

ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2022ರಲ್ಲಿ ತುಂಬಿದ್ದ ನಮ್ಮ ಕೆರೆ ಎರಡನೆಯ ಬೇಸಿಗೆಗೆ ಬಿರಿದಿತ್ತು. ಹೂಳು ಇರದಿದ್ದರೆ ಅದು ಇನ್ನೊಂದು ಬೇಸಿಗೆ ದಾಟುತ್ತಿತ್ತು ಎಂದು ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಹೊರಗಿನವರ ಕಡೆ ನೋಡಿದರೆ ಇದು ಆಗದ ಕೆಲಸವೇನಲ್ಲ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಸರೋವರದ ದಡದಲ್ಲಿ ಮನೆ, ಜಮೀನು ಇದ್ದವರು ತಾವೇ ಸಂಘ ಮಾಡಿಕೊಂಡು, ಚಂದಾ ಹಾಕಿ, ಬೇಸಿಗೆಯುದ್ದಕ್ಕೂ ನೀರು ನೋಡುತ್ತಾರೆ. ದೋಣಿಯಲ್ಲಿ ಹೋಗಿ ಒಂದು ಬಿಳಿ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಎಷ್ಟು ಆಳದಲ್ಲಿ ಅದು ಕಣ್ಮರೆಯಾಯಿತು ಎಂದು ಬರೆದಿಡುತ್ತಾರೆ. ಇಟಲಿಯ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ಬಳಕೆಗೆ ತಂದ ಬಿಲ್ಲೆ ಅದು. ತೂಬಿನ ಮೆಟ್ಟಿಲು ಎಷ್ಟು ಆಳದವರೆಗೆ ಕಾಣುತ್ತದೆ ಎಂದು ನೋಡಿ ‘ನೀರು ಕೆಟ್ಟೈತೆ’ ಎನ್ನುತ್ತಿದ್ದ ನೀರ್ಗಂಟಿ ತಾತ ಮಾಡಿದ್ದೂ ಇದನ್ನೇ, ಬರೆದಿಟ್ಟಿರಲಿಲ್ಲ ಅಷ್ಟೆ. ಅಷ್ಟು ದೂರ ಏಕೆ, ನೆರೆಯ ತೆಲಂಗಾಣ 2015ರಲ್ಲಿ ಮಿಷನ್ ಕಾಕತೀಯ ಎಂದು ಸಾವಿರಾರು ಕೆರೆಗಳ ಹೂಳೆತ್ತಿಸಿ ಗೋಡನ್ನು ರೈತರ ಹೊಲಕ್ಕೆ ಸಾಗಿಸುವಂತೆ ಮಾಡಿತು. ತಮಿಳುನಾಡಿನವರು ಊರವರೇ ಕೆರೆ ರಿಪೇರಿ ಮಾಡುವ ಕುಡಿಮರಾಮತ್ತನ್ನು ಮತ್ತೆ ಎಬ್ಬಿಸಿದರು.

ನಮಗೆ ಹೊರಗಿನ ಮಾದರಿಯೂ ಬೇಕಿಲ್ಲ. ಚಳ್ಳಕೆರೆಗೆ ಹತ್ತಿರದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಐದು ಕೆರೆ ಕಟ್ಟಿಸಿದರು ಎನ್ನುತ್ತಾರೆ. ಸಂಜೆ ಕೂಲಿಯವರ ಮುಂದೆ ಮರಳಿನ ಗುಡ್ಡೆ ಮಾಡಿಸುತ್ತಿದ್ದರಂತೆ. ಯಾರು ಎಷ್ಟು ದುಡಿದಿದ್ದರೋ ಅವರ ಗುಡ್ಡೆಯಲ್ಲಿ ಅಷ್ಟೇ ಹಣ ಸಿಗುತ್ತಿತ್ತಂತೆ. ಪವಾಡದ ಮಾತು ಏನೇ ಇರಲಿ, ಮಾಡಿದಷ್ಟು ಕೂಲಿ ಎಂಬ ನ್ಯಾಯವನ್ನು ಕೆರೆಯ ಅಂಗಳದಲ್ಲಿಯೇ ಇಟ್ಟ ಗುರು ಅವರು. ನೀರ್ಗಂಟಿ ತಾತನಂಥವರಿಗೆ ನಾವು ಕೊಡದೆ ಹೋದದ್ದು ಆ ನ್ಯಾಯ. ಪ್ರತಿವರ್ಷ ಫಾಲ್ಗುಣದ ತೇರಿಗೆ ಲಕ್ಷಾಂತರ ಜನ ಸೇರಿ ಕೊಬ್ಬರಿ ಸುಡುತ್ತೇವೆ, ಮುಕ್ತಿ ಬಾವುಟ ಹರಾಜು ಕೂಗುತ್ತೇವೆ. ಆ ಹೊತ್ತಿಗೆ ಸರಿಯಾಗಿ ಕೆರೆಗಳ ನೀರು ಇಳಿಯುತ್ತಿರುತ್ತದೆ. ಗೋಡು ಹೊಡೆಯುವ ಕಾಲ ಎದುರಿಗೇ ಇರುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕೆರೆ ಕೆಳಗೆ ಒಂದು ಗುಂಟೆಯಾದರೂ ಇರುವ ಎಲ್ಲರಲ್ಲೂ, ಬೆಂಗಳೂರು ಸೇರಿ ಪಹಣಿಯನ್ನಷ್ಟೇ ಊರಲ್ಲಿ ಇಟ್ಟುಕೊಂಡವರಲ್ಲೂ ನನ್ನ ಬೇಡಿಕೆ ಇದು. ಈ ಬೇಸಿಗೆ ಊರಿಗೆ ಬನ್ನಿ. ಏರಿಯ ಮೇಲಿನ, ಬುಡದ ಜಾಲಿಯನ್ನು ಬೊಡ್ಡೆ ಸಮೇತ ಕೀಳಿಸಿ, ಆ ತೂತುಗಳಿಗೆ ಗಟ್ಟಿ ಮಣ್ಣು ತುಂಬಿಸಿ. ನಿಮ್ಮ ಹೊಲಕ್ಕೆ ಬೇಕಾದ ಗೋಡನ್ನು ಏರಿಯಿಂದ ದೂರದಲ್ಲಿ, ಗರಸು ಮುಟ್ಟದಂತೆ ತೆಗೆಸಿಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ಏರಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ತಿಂಗಳು ತಿಂಗಳು ಸರಿಯಾದ ಸಂಬಳ ಕೊಡುವಂತೆ ಠರಾವು ಮಾಡಿಸಿ. ಪಂಚಾಯ್ತಿ ಕೊಡದಿದ್ದರೆ ಗದ್ದೆ ಇದ್ದ ಮನೆಗಳೇ ಎಕರೆಗಿಷ್ಟು ಎಂದು ಹಾಕಿಕೊಳ್ಳಿ. ಊರಲ್ಲಿ ಹಳೆಯ ನೀರಗಂಟಿಯ ಮನೆಯವರು ಇನ್ನೂ ಇದ್ದರೆ, ತೂಬಿನ ವಿಷಯ ಬಲ್ಲವರು ಬದುಕಿದ್ದರೆ, ಉತ್ತರೆ ಮಳೆ ಹುಟ್ಟುವುದಕ್ಕೆ ಮುಂಚೆ ಅವರನ್ನು ಗೌರವದಿಂದ ಕರೆದುಕೊಂಡು ಹೋಗಿ ಏರಿ ತೋರಿಸಿಕೊಳ್ಳಿ. ಅವರಲ್ಲಿ ಬಹಳಷ್ಟು ಜನ ಎಂಬತ್ತು ದಾಟಿದ್ದಾರೆ.